ಕಾಣೆಯಾದ ಎಣ್ಣೆಗೆರೆಗಳು

ಬೀಗ ಹಾಕಿದಂತೆಯೇ ಇತ್ತು. ಗಾಜು ಒಡೆದಿರಲಿಲ್ಲ. ಚೆಂಡೂ ಇಟ್ಟ ಜಾಗದಲ್ಲೇ ಇತ್ತು. ಆದರೂ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಬೌಲಿಂಗ್ ಹಾಲ್‌ನ ಬಾಗಿಲು ತೆಗೆದ ಕೂಡಲೇ ಒಳಗೆ ಬಂದ ಹುಡುಗಿ, ಗಾಜಿನ ಪೆಟ್ಟಿಗೆಯ ಮುಂದೆ ನಿಂತವಳು ನಿಂತೇ ಇದ್ದಳು. ಆಮೇಲೆ ಅತ್ತೆಗೆ ಫೋನ್ ಮಾಡಿದಳು.

“ಅತ್ತೆ, ಅಪ್ಪನ ಚೆಂಡನ್ನ ಯಾರೋ ತೊಳೆದುಬಿಟ್ಟಿದಾರೆ.”

“ತೊಳೆದ್ರೆ ಏನಾಯ್ತು ಪುಟ್ಟಿ?”

“ಗೆರೆ ಹೋಯ್ತು.”

ಅಷ್ಟು ಹೇಳಿ ಫೋನ್ ಇಟ್ಟಳು.

ಅತ್ತೆ ವಿಮಾ ಕಂಪನಿಯಲ್ಲಿ ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದು ನಿವೃತ್ತಳಾದವಳು. ಸುಟ್ಟ ಗೋದಾಮು, ಮುಳುಗಿದ ಕಾರು, ತಾನಾಗಿಯೇ ಒಡೆಯಿತೆಂದು ಮಾಲೀಕ ಆಣೆ ಮಾಡುವ ಗಾಜು — ಇವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಇದು ಯಾರ ಕೈವಾಡ ಎಂದು ಹೇಳುವುದು ಅವಳ ಕೆಲಸವಾಗಿತ್ತು. ಆಫೀಸಿನವರು ಬೆನ್ನ ಹಿಂದೆ ಅವಳನ್ನು ಭೂತಗನ್ನಡಿ ಎನ್ನುತ್ತಿದ್ದರು. ಆ ಹೆಸರು ನಿವೃತ್ತಿಯ ದಿನ ಹಾರದ ಜೊತೆ ಮನೆಗೂ ಬಂತು.

ಎರಡು ತಿಂಗಳಿಂದ ಭೂತಗನ್ನಡಿಗೆ ಏನೂ ಅನ್ನಿಸುತ್ತಿರಲಿಲ್ಲ. ಅಣ್ಣ, ಅಂದರೆ ಪುಟ್ಟಿಯ ಅಪ್ಪ, ಸತ್ತ ದಿನವೂ ಅನ್ನಿಸಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದಳು, ಅಷ್ಟೇ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಹಾಗೆ ಇತ್ತು ಮನಸ್ಸು. ಇದೆ ಎಂದು ಗೊತ್ತು, ತನ್ನದೇ ಎಂದೂ ಗೊತ್ತು, ಕಚ್ಚಿಕೊಂಡರೆ ಮಾತ್ರ ನೋವಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬೇರೆ ಕೆಲಸವೂ ಇರಲಿಲ್ಲ.

ಗೆರೆ ಎಂದರೆ ಏನು ಎಂಬುದು ಅವಳಿಗೆ ಗೊತ್ತಿತ್ತು. ಚೆಂಡು ಉರುಳಿಸಿ ಪಿನ್ನುಗಳನ್ನು ಬೀಳಿಸುವ ಉದ್ದನೆಯ ಬೌಲಿಂಗ್ ಲೇನಿನ ಮರದ ಮೇಲೆ ತೆಳ್ಳಗೆ ಎಣ್ಣೆ ಹಚ್ಚಿರುತ್ತಾರೆ. ಉರುಳುವ ಚೆಂಡು ಆ ಎಣ್ಣೆಯನ್ನು ಮೈಗೆ ಬಳಿದುಕೊಳ್ಳುತ್ತದೆ. ಒಂದೊಂದು ಎಸೆತಕ್ಕೂ ಐದಾರು ಉಂಗುರದಂಥ ಗೆರೆ ಮೂಡುತ್ತವೆ. ಆಟ ಗೊತ್ತಿದ್ದವರು ಎಸೆತಕ್ಕೊಮ್ಮೆ ಅದನ್ನು ಒರೆಸುತ್ತಾರೆ. ಒರೆಸದಿದ್ದರೆ ಚೆಂಡು ಎಣ್ಣೆ ಕುಡಿಯುತ್ತದೆ. ಕುಡಿದ ಚೆಂಡು ತಿರುಗಬೇಕಾದ ಕಡೆ ತಿರುಗದೆ ಸೋಮಾರಿಯಂತೆ ನೇರವಾಗಿ ಜಾರಿಹೋಗುತ್ತದೆ.

ಅಣ್ಣ ಜೀವಮಾನವಿಡೀ ಒರೆಸಿದ. ಕೊನೆಯ ಭಾನುವಾರ ಒಂದು ಚೆಂಡು ಎಸೆದ. ಬಾಟಲಿಯಾಕಾರದ ಹತ್ತು ಪಿನ್ನುಗಳಲ್ಲಿ ಒಂಬತ್ತು ಬಿದ್ದವು, ಒಂದು ನಿಂತಿತು. ಚೆಂಡು ವಾಪಸು ಬಂತು. ಕೈಯಲ್ಲಿ ಬಟ್ಟೆ ಹಿಡಿದುಕೊಂಡು “ಸ್ವಲ್ಪ ಕೂತ್ಕೋತೀನಿ” ಅಂದ. ಕೂತವನು ಏಳಲಿಲ್ಲ. ಆ ಚೆಂಡನ್ನು ಯಾರೋ ಹಾಗೆಯೇ ಬ್ಯಾಗಿಗೆ ಹಾಕಿ ಹಾಲ್‌ನ ಕಪಾಟಿನಲ್ಲಿಟ್ಟರು. ಎರಡು ತಿಂಗಳ ಮೇಲೆ ಮಗಳು ಬ್ಯಾಗು ತೆರೆದಾಗ, ಧೂಳು ಅಂಟಿ ಬೂದಿಬಣ್ಣಕ್ಕೆ ತಿರುಗಿದ ಆ ಗೆರೆಗಳು ಹಾಗೇ ಇದ್ದವು. ಬರುವ ಭಾನುವಾರ ಅಪ್ಪನ ನೆನಪಿಗೆ ಪಂದ್ಯ ಇಟ್ಟಿದ್ದರು. ಅದಕ್ಕಾಗಿ ಗಾಜಿನ ಪೆಟ್ಟಿಗೆ ಮಾಡಿಸಿ, ಮೇಲೊಂದು ದೀಪ ಹಾಕಿಸಿ, ಹಿಂದಿನ ಶನಿವಾರವಷ್ಟೇ ಚೆಂಡನ್ನು ಒಳಗಿಟ್ಟಿದ್ದಳು.

ಈಗ ಆ ಚೆಂಡು ಮಟ್ಟಸವಾದ ಕಪ್ಪುನೀಲಿ. ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ.

“ಇದರಲ್ಲಿ ಪತ್ತೆ ಮಾಡೋಕೆ ಏನಿದೆ ಮೇಡಂ?” ಎಂದ ಮ್ಯಾನೇಜರ್. ಮಾತಾಡುವಾಗಲೂ ಅವನ ಕಣ್ಣು ಕೈಯಲ್ಲಿದ್ದ ಫೋನಿನ ಮೇಲೇ. “ಸೋಮವಾರ ಹಾಲ್‌ಗೆ ರಜಾ. ನಾನು ಊರಲ್ಲೇ ಇರ್ಲಿಲ್ಲ. ಒಳಗಿದ್ದಿದ್ದು ಮೇಷ್ಟ್ರೊಬ್ಬರೇ. ಪೆಟ್ಟಿಗೆ ಕೀಲಿ ಅವರ ಹತ್ರ ಒಂದಿದೆ.”

“ಒಟ್ಟು ಎಷ್ಟು ಕೀಲಿ?”

“ಮೂರು. ನಂದು ನನ್ನ ಜೇಬಲ್ಲೇ ಇತ್ತು.”

“ಮೂರನೇದು?”

“ನನ್ನದು,” ಎಂದಳು ಪುಟ್ಟಿ. “ಮನೇಲೇ ಇದೆ. ಅಡುಗೆಮನೆ ಮೊಳೆಗೆ ನೇತುಹಾಕಿದೀನಿ. ಈಗ ನೋಡ್ಕೊಂಡೇ ಬಂದೆ.”

ಮ್ಯಾನೇಜರ್ ಕೈ ಚೆಲ್ಲಿದ. “ಆಯ್ತಲ್ಲ. ಸಂಜೆ ನಾಲ್ಕಕ್ಕೆ ಮೇಷ್ಟ್ರು ಎಲ್ಲಾ ಕೀಲಿ ಒಪ್ಪಿಸಿ ಹೋಗ್ಬಹುದು ಅಂತ ಹೇಳಿದೀನಿ. ಸತ್ತವರ ವಸ್ತು ಮೇಡಂ. ನಾಳೆ ಬೇರೆ ಆಟಗಾರರು ತಮ್ಮ ಚೆಂಡನ್ನ ನಮ್ಮ ಹತ್ರ ಹೇಗೆ ಬಿಟ್ಟುಹೋಗ್ತಾರೆ?”

ಮೇಷ್ಟ್ರೆಂದರೆ ಪಾಠ ಹೇಳುವವರಲ್ಲ. ಹಾಲ್‌ನ ಮೆಕ್ಯಾನಿಕ್. ಬೆರಳು ಹಿಡಿಸುವಂತೆ ಚೆಂಡಿಗೆ ತೂತು ಕೊರೆಯುವುದು, ಮೈ ಉಜ್ಜುವುದು, ಪಿನ್ ನಿಲ್ಲಿಸುವ ಯಂತ್ರ ನೋಡಿಕೊಳ್ಳುವುದು, ಎಲ್ಲ ಅವರೇ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದರು. ಆ ಊರಿನಲ್ಲಿ ಇನ್ನೊಂದು ಬೌಲಿಂಗ್ ಹಾಲ್ ಇರಲಿಲ್ಲ. ಪುಟ್ಟಿಗೆ ಏಳು ವರ್ಷವಿದ್ದಾಗ ಚೆಂಡು ಹಿಡಿಯುವುದನ್ನು ಹೇಳಿಕೊಟ್ಟದ್ದು ಅವರು. ಆ ಪುಟ್ಟಿ ಈಗ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಭೂತಗನ್ನಡಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು.

“ದೀಪ ಯಾಕೆ ಉರೀತಿಲ್ಲ?”

“ಬಲ್ಬ್ ಹೋಗಿರ್ಬೇಕು,” ಎಂದ ಮ್ಯಾನೇಜರ್.

ಅವಳು ಪೆಟ್ಟಿಗೆಯ ಹಿಂದೆ ಕೈ ತೂರಿಸಿ ತಡಕಿದಳು. ಸ್ವಿಚ್ಚು ಸಿಕ್ಕಿತು. ಒತ್ತಿದಳು. ದೀಪ ಹತ್ತಿತು. ಬಲ್ಬ್ ಹೋಗಿರಲಿಲ್ಲ; ಯಾರೋ ಆರಿಸಿದ್ದರು.

ದೂರದಲ್ಲಿ ನಿಂತಿದ್ದ ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದರು. “ಆರಿಸಿಬಿಡಿ ಮೇಡಂ. ಆ ಬಲ್ಬು ಬಹಳ ಕಾಯುತ್ತೆ. ಕಾವಿಗೆ ಚೆಂಡು ಒಳಗಿನ ಎಣ್ಣೆ ಕಕ್ಕುತ್ತೆ, ಹಾಗೇ ಬಿಟ್ರೆ ಬಿರುಕು ಬಿಡುತ್ತೆ. ನಾನು ಶನಿವಾರಾನೇ ಹೇಳಿದ್ದೆ.”

“ನೋಡಿದ್ರಾ?” ಮ್ಯಾನೇಜರ್ ಕೊನೆಗೂ ಫೋನಿನಿಂದ ತಲೆಯೆತ್ತಿದ. “ಕಾವು ತಾಗಬಾರ್ದು ಅಂತ ಗೊತ್ತಿರೋದು ಇವರೊಬ್ಬರಿಗೇ. ದೀಪ ಆರಿಸಿದ್ದು ಮತ್ಯಾರು?”

ಮೇಷ್ಟ್ರು ತಿರುಗಿ ಒಳಕ್ಕೆ ನಡೆದರು.

ಅವರ ಕೆಲಸದ ಕೋಣೆ ಲೇನುಗಳ ಹಿಂದಿತ್ತು. ಗೋಡೆಗೆ ಸಾಲಾಗಿ ಸಲಕರಣೆ, ಮೇಜಿನ ಮೇಲೆ ಚೆಂಡು ತಿರುಗಿಸುವ ಯಂತ್ರ, ಪಕ್ಕದಲ್ಲಿ ಒರಟಿನಿಂದ ನುಣುಪಿನವರೆಗೆ ಜೋಡಿಸಿಟ್ಟ ಉಪ್ಪುಕಾಗದ. ಭೂತಗನ್ನಡಿ ಅಣ್ಣನ ಚೆಂಡನ್ನು ಅಲ್ಲಿಗೆ ತರಿಸಿದಳು. ಬಾಗಿಲು ಮುಂದೆ ಮಾಡಿದಳು.

“ನೀವು ಮಾಡಿದ್ರಾ?”

“ಇಲ್ಲ.”

“ಮತ್ತೆ ಬೆಳಿಗ್ಗೆಯಿಂದ ಯಾಕೆ ಬಾಯಿ ಹೊಲಿದುಕೊಂಡಿದೀರಿ?”

ಮೇಷ್ಟ್ರು ಚೆಂಡನ್ನು ಬಟ್ಟೆಯ ಉಂಗುರದ ಮೇಲಿಟ್ಟು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹೇಳಲೋ ಬೇಡವೋ ಎಂದು ಅನುಮಾನಿಸುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

“ಹೇಳಿದ್ರೆ ತಲೆ ಕೆಟ್ಟಿದೆ ಅಂತೀರಿ. ಇಲ್ಲಿ ನೋಡಿ. ನಾನು ಉಜ್ಜೋದು ಯಂತ್ರದಲ್ಲಿ. ಚೆಂಡು ಗಿರಗಿರ ತಿರುಗುತ್ತೆ, ಗೀರೆಲ್ಲ ದುಂಡಗೆ ಬೀಳುತ್ತೆ. ಇದರಲ್ಲಿ ದುಂಡಗಿಲ್ಲ. ಒಂದರ ಮೇಲೊಂದು ಅಡ್ಡಡ್ಡ ಬಿದ್ದಿದೆ. ಇದು ಕೈಯಲ್ಲಿ ಉಜ್ಜಿದ್ದು. ಆರು ಕಡೆ, ಆರೂ ಕಡೆ ಒಂದೇ ಸಮ. ಮೊದಲು ಬಿಸಿನೀರಲ್ಲಿಟ್ಟು ಎಣ್ಣೆ ತೆಗೆದು, ಆಮೇಲೆ ಉಜ್ಜಿರೋದು. ಇಷ್ಟು ತಾಳ್ಮೆ ನನಗೂ ಇಲ್ಲ.”

“ಮತ್ತೆ ಯಾರಿಗಿದೆ?”

“ಇದು ನಿಮ್ಮ ಅಣ್ಣನವರ ಕೈ ಮೇಡಂ.”

ಹೊರಗೆ ಯಾವುದೋ ಲೇನಿನಲ್ಲಿ ಪಿನ್ನುಗಳು ಬಿದ್ದ ಸದ್ದಾಯಿತು.

“ಹನ್ನೊಂದು ವರ್ಷ ನೋಡಿದೀನಿ,” ಎಂದರು ಮೇಷ್ಟ್ರು. “ಬೇರೆಯವರ ಚೆಂಡು ಎರಡು ವರ್ಷಕ್ಕೆ ಸುಸ್ತಾಗುತ್ತೆ. ಇದು ಹನ್ನೊಂದು ವರ್ಷ ಓಡ್ತು. ನಾನು ಒಂದು ಸಲಾನೂ ಕೈ ಹಚ್ಚಿಲ್ಲ. ಅವರೇ ಮನೇಲಿ ಮಾಡ್ಕೊಂಡು ಬರ್ತಿದ್ರು. ಹೊಸದಾಗಿ ಆಡೋಕೆ ಬಂದವರಿಗೆಲ್ಲ ಇದನ್ನೇ ತೋರಿಸಿ, ಚೆಂಡು ಇಟ್ಕೊಳ್ಳೋದು ಅಂದ್ರೆ ಹೀಗೆ ಅಂತಿದ್ದೆ. ಈಗ ನೋಡಿದ್ರೆ ಅದೇ ಕೈ. ಯಾರ ಹತ್ರ ಹೇಳಲಿ? ಸತ್ತವರು ಬಂದು ಉಜ್ಜಿ ಹೋದ್ರು ಅನ್ನಲಾ?”

ಭೂತಗನ್ನಡಿಯ ಕಣ್ಣು ಚೆಂಡಿನ ಹೆಬ್ಬೆರಳ ತೂತಿನ ಮೇಲಿತ್ತು. ಒಳಗೆ, ಅಂಚಿನ ಕೆಳಗೆ, ಸಾಸಿವೆ ಕಾಳಿನಷ್ಟು ಗಾತ್ರದ ಬಿಳಿ ಚುಕ್ಕೆ.

“ಇದೇನು?”

“ಪೌಡರು. ಬೆರಳು ಜಾರ್ಬಾರ್ದು ಅಂತ ಹಾಕ್ಕೋತಾರೆ. ಅವರ ಚೆಂಡಲ್ಲಿ ಯಾವಾಗಲೂ ಇರ್ತಿತ್ತು.”

ಅವಳು ತಲೆಗೂದಲಿನ ಪಿನ್ನು ತೆಗೆದು ಆ ಬಿಳಿಯನ್ನು ಕೆರೆದಳು. ಅದು ಪುಡಿಯಾಗಿ ಉದುರಲಿಲ್ಲ, ಚಕ್ಕೆಯಾಗಿ ಎದ್ದುಬಂತು. ಕಾಗದದಲ್ಲಿ ಮಡಿಸಿ ಪರ್ಸಿನೊಳಗಿಟ್ಟಳು. ಮೂವತ್ತೊಂದು ವರ್ಷದ ಅಭ್ಯಾಸ.

ಹೊರಗೆ ಪುಟ್ಟಿ ಬೆಂಚಿನ ಮೇಲೆ ಕೂತಿದ್ದಳು.

“ಸೋಮವಾರ ಚೆಂಡು ಎಲ್ಲಿರ್ತಿತ್ತು? ಅಪ್ಪ ಇದ್ದಾಗ?”

“ಮೇಷ್ಟ್ರ ಹತ್ರ. ನಾನು ಕಾಲೇಜಿಗೆ ಹೋಗಿ ಬರೋದ್ರೊಳಗೆ ಹೊಸದರ ಹಾಗೆ ಆಗಿ ಬಂದಿರ್ತಿತ್ತು. ಎಲ್ಲಾ ಮೇಷ್ಟ್ರ ಕೈಚಳಕ ಅಂತ ಅಪ್ಪಾನೇ ಹೇಳ್ತಿದ್ರು.” ಮತ್ತೆ ಹೇಳಿದಳು, “ಅಪ್ಪನ ಫೋಟೋ ಬೇಕಾದಷ್ಟಿವೆ ಅತ್ತೆ. ಬಟ್ಟೆಗಳೂ ಇವೆ. ಆದ್ರೆ ಅಪ್ಪ ಕೊನೇಲಿ ಮಾಡಿದ್ದು ಅಂತ ಇದ್ದಿದ್ದು ಅದೊಂದೇ.”

ಸಮಾಧಾನ ಹೇಳಬೇಕಿತ್ತು. ಭೂತಗನ್ನಡಿ ಹುಡುಗಿಯ ಹೆಗಲ ಮೇಲೆ ಕೈಯಿಟ್ಟಳು. ಆ ಕೈಯೂ ಯಾರದೋ ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಅಣ್ಣನ ಮನೆಗೆ ಹೋದಳು. ಅತ್ತಿಗೆ ಬಾಗಿಲು ತೆಗೆದು, “ಬಾ, ಕೈ ತೊಳ್ಕೊ” ಎಂದು ಅಡುಗೆಮನೆಗೆ ನಡೆದರು. ಎರಡು ತಿಂಗಳಿಂದ ಅತ್ತಿಗೆಯೂ ಹಾಗೇ. ಅಳಲಿಲ್ಲ, ಕೂಗಾಡಲಿಲ್ಲ. ಕೀ ಕೊಟ್ಟ ಗಡಿಯಾರದಂತೆ ಬೆಳಿಗ್ಗೆ ಏಳುವುದು, ಬೇಯಿಸುವುದು, ಬಡಿಸುವುದು, ಮಲಗುವುದು. ನೆಂಟರೆಲ್ಲ ಗಟ್ಟಿಗಿತ್ತಿ ಎಂದು ಹೊಗಳಿ ಹೋಗಿದ್ದರು.

ಮೊಳೆಯ ಮೇಲೆ ಕೀಲಿ ಇತ್ತು. ಪುಟ್ಟಿ ಹೇಳಿದ್ದು ನಿಜ.

ಅತ್ತಿಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ಭೂತಗನ್ನಡಿ ಪಕ್ಕದಲ್ಲಿ ನಿಂತು ಪಾತ್ರೆಯ ಅಂಚು ನೋಡಿದಳು. ಹಿಂದಿನ ಸಲದ ಹಿಟ್ಟು ಅಲ್ಲಿ ಒಣಗಿ ಅಂಟಿತ್ತು. ಉಗುರಿನಿಂದ ಕೆರೆದಳು. ಪುಡಿಯಾಗಲಿಲ್ಲ, ಚಕ್ಕೆಯಾಗಿ ಎದ್ದುಬಂತು.

“ಹಸಿವಾ?” ಎಂದರು ಅತ್ತಿಗೆ.

“ಇಲ್ಲ ಅತ್ತಿಗೆ. ನಾಲ್ಕಕ್ಕೆ ನೀವೂ ಹಾಲ್‌ಗೆ ಬರ್ತೀರಾ?”

“ಬರ್ತೀನಿ,” ಎಂದರು. ಯಾಕೆ ಎಂದು ಕೇಳಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿತ್ತು. ಮೇಷ್ಟ್ರು ಕೀಲಿಗೊಂಚಲನ್ನು ಮೇಜಿನ ಮೇಲೆ ಇಟ್ಟಾಗಿತ್ತು. ಹತ್ತೊಂಬತ್ತು ವರ್ಷದ ಸಾಮಾನು ಒಂದು ರಟ್ಟಿನ ಡಬ್ಬಿಯಲ್ಲಿ ಹಿಡಿಸಿತ್ತು. ಮ್ಯಾನೇಜರ್ ಬಾಗಿಲಿಗೆ ಒರಗಿದ್ದ. ಪುಟ್ಟಿ ಕಿಟಕಿಯ ಹತ್ತಿರ, ಅತ್ತಿಗೆ ಒಂದು ಸ್ಟೂಲಿನ ಮೇಲೆ. ನಡುವೆ ಚೆಂಡು.

“ನಮ್ಮಣ್ಣನನ್ನ ನನಗಿಂತ ಜಾಸ್ತಿ ನೋಡಿದವರು ಇಲ್ಲಿ ಯಾರೂ ಇಲ್ಲ,” ಎಂದು ಶುರುಮಾಡಿದಳು ಭೂತಗನ್ನಡಿ. “ಮೇಷ್ಟ್ರೇ, ಅವನು ಚೆಂಡನ್ನ ತಾನೇ ಉಜ್ಕೋತೀನಿ ಅಂತ ನಿಮಗೆ ಹೇಳಿದ್ನಾ?”

“ಹೌದು.”

“ಪುಟ್ಟಿ, ಮೇಷ್ಟ್ರು ಉಜ್ಜುತ್ತಾರೆ ಅಂತ ನಿನಗೆ ಹೇಳಿದ್ನಾ?”

“ಹೌದು ಅತ್ತೆ.”

ಇಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಎರಡೂ ಸುಳ್ಳು. ನಮ್ಮಣ್ಣ ಕಾಫಿ ಕುಡಿದ ಲೋಟ ತೊಳೆದವನಲ್ಲ. ಎಸೆತದ ಮಧ್ಯೆ ಒರೆಸ್ತಿದ್ದ, ನಿಜ. ಅದು ನಾಲ್ಕು ಜನರೆದುರು ಮಾಡೋ ಕೆಲಸ. ಬಕೆಟ್ಟಿನ ಮುಂದೆ ಕೂತು ಅರ್ಧ ದಿನ ಚೆಂಡು ಉಜ್ಜೋ ಜೀವ ಅಲ್ಲ ಅದು. ಮೇಷ್ಟ್ರು ಬೆಳಿಗ್ಗೆ ನನಗೊಂದು ಮಾತು ಹೇಳಿದ್ರು — ಇದು ನಿಮ್ಮ ಅಣ್ಣನ ಕೈ ಅಂತ. ಅವರು ಹೇಳಿದ್ದು ಮುಕ್ಕಾಲು ಪಾಲು ಸರಿ. ಹನ್ನೊಂದು ವರ್ಷ ನೋಡಿದ ಕೈಯೇ ನಿನ್ನೇನೂ ಉಜ್ಜಿದೆ. ಆದ್ರೆ ಸತ್ತವನು ನಿನ್ನೆ ಉಜ್ಜೋಕೆ ಆಗಲ್ಲ. ಹಾಗಾದ್ರೆ ಆ ಕೈ ಯಾವತ್ತೂ ಅವನದಾಗಿರ್ಲಿಲ್ಲ.”

ಮ್ಯಾನೇಜರ್ ಫೋನನ್ನು ಜೇಬಿಗಿಟ್ಟ.

“ದೀಪ,” ಎಂದಳು ಅವಳು. “ಕಿತಾಪತಿ ಮಾಡೋಕೆ ಬಂದವರು ದೀಪ ಆರಿಸಿ ಹೋಗಲ್ಲ. ಚೆಂಡಿಗೆ ಕಾವು ತಾಗುತ್ತೆ ಅಂತ ಸಂಕಟಪಟ್ಟವರು ಆರಿಸ್ತಾರೆ. ಮೇಷ್ಟ್ರಿಗೆ ಆ ಸಂಕಟ ಇತ್ತು, ಒಪ್ಪಿದೆ. ಆದ್ರೆ ಮೇಷ್ಟ್ರೇ, ಬಿಸಿನೀರಿಗೆ ಚೆಂಡು ಇಳಿಸೋ ಮೊದಲು ತೂತಿಗೆ ಏನು ಹಾಕ್ತೀರಿ?”

“ಟೇಪು. ನೀರು ಒಳಗೆ ಹೋಗ್ಬಾರ್ದಲ್ಲ.”

ಅವಳು ಪರ್ಸಿನಿಂದ ಕಾಗದದ ಮಡಿಕೆ ತೆಗೆದು ಬಿಚ್ಚಿದಳು. ಬಿಳಿ ಚಕ್ಕೆಯ ಮೇಲೆ ಒಂದು ಹನಿ ನೀರು ಬಿಟ್ಟು ಬೆರಳಲ್ಲಿ ತಿಕ್ಕಿದಳು. ಅದು ಮೆತ್ತಗಾಗಿ ಬೆರಳಿಗೆ ಅಂಟಿಕೊಂಡಿತು.

“ನೀವೆಲ್ಲ ಪೌಡರು ಅಂದ್ಕೊಂಡ್ರಿ. ಹನ್ನೊಂದು ವರ್ಷ ಅಂದ್ಕೊಂಡ್ರಿ. ಪೌಡರು ಒದ್ದೆಯಾದ್ರೆ ಕರಗಿ ಹೋಗುತ್ತೆ. ಇದು ನಾದಿದ ಹಿಟ್ಟು. ತೂತಿಗೆ ಹಿಟ್ಟು ಮೆತ್ತಿ ನೀರಿಗಿಳಿಸಿದಾರೆ. ಮನೇಲಿ ಟೇಪು ಎಲ್ಲಿದೆ ಅಂತ ಹುಡುಕೋಕಿಂತ ಕೈಯಲ್ಲಿರೋ ಹಿಟ್ಟು ಹತ್ತಿರ. ಕೀಲಿನೂ ಅಲ್ಲೇ ಮೊಳೆ ಮೇಲೆ.” ಅವಳು ತಿರುಗಿದಳು. “ಅತ್ತಿಗೆ, ಸೋಮವಾರ ಎಷ್ಟು ಹೊತ್ತಿಗೆ ಬಂದಿದ್ರಿ?”

“ಹತ್ತಕ್ಕೆ,” ಎಂದರು ಅತ್ತಿಗೆ. “ಹಿಂದಿನ ಬಾಗಿಲು ತೆಗೆದಿತ್ತು. ಮೇಷ್ಟ್ರು ಯಂತ್ರದ ಹಿಂದಿದ್ರು, ಭಾರಿ ಸದ್ದು. ಚಕ್ರದ ಬ್ಯಾಗಲ್ಲಿ ತಗೊಂಡು ಹೋದೆ. ಮೂರಕ್ಕೆ ತಂದಿಟ್ಟೆ.”

“ಅಮ್ಮ?” ಪುಟ್ಟಿಯ ಧ್ವನಿ ಸಣ್ಣದಾಯಿತು. “ನೀನು ಚೆಂಡನ್ನ ಮುಟ್ಟಿದ್ದೇ ನಾನು ನೋಡಿಲ್ಲ.”

“ನೀನಿಲ್ಲದಾಗ ಮುಟ್ತಿದ್ದೆ. ಹೊಸದು ತಂದ ದಿನ ಅದರ ಜೊತೆ ಬಂದ ಕಾಗದ ಓದಿ ಹೇಳಿದ್ರು. ಕೈಗೆ ತಡೆಯೋಷ್ಟು ಬಿಸಿ, ಇಪ್ಪತ್ತು ನಿಮಿಷ, ಆರು ಕಡೆ ಉಜ್ಜೋದು. ಒಂದು ಸಲ ಮಾಡಿಕೊಟ್ಟೆ. ಆಮೇಲೆ ಪ್ರತಿ ಸೋಮವಾರ. ಹೆಂಡತಿ ಉಜ್ಜಿದ ಚೆಂಡು ಅಂದ್ರೆ ಆಡೋರೆಲ್ಲ ನಗ್ತಾರೆ ಅಂತ ಅವರು ಯಾರಿಗೂ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಅದು ನಮ್ಮಿಬ್ಬರದ್ದೇ ಆಗಿತ್ತು.”

“ಈಗ್ಯಾಕೆ ಮಾಡಿದೆ? ಅದು ಅಪ್ಪನ ಗೆರೆ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.” ಅತ್ತಿಗೆ ತಮ್ಮ ಅಂಗೈ ನೋಡಿಕೊಂಡರು. “ಒಂಬತ್ತು ಸೋಮವಾರ ಸುಮ್ಮನೆ ಕೂತಿದ್ದೆ. ಭಾನುವಾರ ನೀನು ತೋರಿಸ್ತೀನಿ ಅಂತ ಕರ್ಕೊಂಡು ಬಂದ್ಯಲ್ಲ, ಆಗ ಅದು ದೀಪದ ಕೆಳಗೆ ಬೆವರ್ತಾ ಇತ್ತು. ಮೈತುಂಬಾ ಎಣ್ಣೆ. ಬೆಳಗಾದ್ರೆ ಸೋಮವಾರ. ಬೇರೇನೂ ಯೋಚನೆ ಬರ್ಲಿಲ್ಲ.”

“ಬೆಳಿಗ್ಗೆಯಿಂದ ಮೇಷ್ಟ್ರನ್ನ ಹಿಡಿದು ನಿಲ್ಲಿಸಿದೀವಿ. ಒಂದು ಮಾತು ಹೇಳಬಾರ್ದಿತ್ತಾ ಅಮ್ಮ?”

“ಬೆಳಿಗ್ಗೆ ಕೀಲಿ ನೋಡೋಕೆ ಮನೆಗೆ ಬಂದಾಗ, ಚೆಂಡು ಹಾಳಾಯ್ತು ಅಂತ ನೀನು ಯಾರಿಗೋ ಫೋನಲ್ಲಿ ಹೇಳಿದ್ದು ಕೇಳಿಸ್ತು. ಇರಬಹುದು ಅಂದ್ಕೊಂಡೆ. ಮೇಷ್ಟ್ರ ವಿಷಯ ನನಗೆ ಗೊತ್ತಾಗಿದ್ದು ಈಗ. ನನ್ನನ್ನ ಯಾರೂ ಏನೂ ಕೇಳ್ಲಿಲ್ಲ.”

ಅದು ನಿಜ. ಭೂತಗನ್ನಡಿಗೆ ನಾಚಿಕೆಯಾಯಿತು. ಮಧ್ಯಾಹ್ನ ಎದುರೆದುರು ಕೂತು ಉಂಡಾಗ, ಹೇಗಿದೀರಿ ಎಂದು ಕೂಡ ಕೇಳಿರಲಿಲ್ಲ. ಎರಡು ತಿಂಗಳಿಂದ ಕೇಳಿರಲಿಲ್ಲ.

ಮ್ಯಾನೇಜರ್ ಕೀಲಿಗೊಂಚಲನ್ನು ಎರಡು ಬೆರಳಿನಿಂದ ಮೇಷ್ಟ್ರ ಕಡೆ ತಳ್ಳಿದ. ಕ್ಷಮಿಸಿ ಎಂಬ ಮಾತು ಅವನಿಗೆ ಅಭ್ಯಾಸವಿರಲಿಲ್ಲ. “ಐದನೇ ಲೇನ್ ಯಂತ್ರ ಮತ್ತೆ ಕೈಕೊಟ್ಟಿದೆ, ನೋಡಿಬಿಡಿ” ಎಂದ. ಪುಟ್ಟಿ ಮೇಷ್ಟ್ರ ಎದುರು ಹೋಗಿ ನಿಂತು “ತಪ್ಪಾಯ್ತು” ಎಂದಳು. ಮೇಷ್ಟ್ರು ಅವಳ ತಲೆ ಸವರಿದರು. ಆದರೆ ನೋಡುತ್ತಿದ್ದುದು ಸ್ಟೂಲಿನ ಮೇಲಿದ್ದ ಹೆಂಗಸನ್ನು.

“ಹನ್ನೊಂದು ವರ್ಷ ಅಮ್ಮ,” ಎಂದರು ಅವರು. “ಜನಕ್ಕೆಲ್ಲ ನಿಮ್ಮ ಕೆಲಸ ತೋರಿಸ್ತಿದ್ದೆ.”

ಅತ್ತಿಗೆ ತಲೆಯಾಡಿಸಿದರು. ಆಮೇಲೆ ಮಗಳಿಗೆ, “ಅದು ಪೂರ್ತಿ ಹೋಗಿಲ್ಲ ಪುಟ್ಟಿ. ಮನೇಲಿದೆ” ಎಂದರು.

ಬಚ್ಚಲಿನ ಮೂಲೆಯಲ್ಲಿ ಒಂದು ನೀಲಿ ಬಕೆಟ್ಟಿತ್ತು. ಮೇಲೆ ಊಟದ ತಟ್ಟೆ ಮುಚ್ಚಿತ್ತು. ಅತ್ತಿಗೆ ತಟ್ಟೆ ತೆಗೆದರು. ಕೆಳಗೆ ಸಾಬೂನಿನ ಬೂದು ನೀರು. ಮೇಲೆ ತೆಳ್ಳಗೆ ಎಣ್ಣೆ, ಕಿಟಕಿಯ ಬೆಳಕಿಗೆ ಬಣ್ಣ ಬಣ್ಣ.

“ಚೆಲ್ಲೋಣ ಅಂತ ಎತ್ತಿದೆ,” ಎಂದರು ಅತ್ತಿಗೆ. “ಎತ್ತಿದವಳು ಹಾಗೇ ಕೆಳಗಿಟ್ಟೆ. ನಿನ್ನೆಯಿಂದ ಪಕ್ಕದ ಬಕೆಟ್ಟಲ್ಲೇ ಸ್ನಾನ ಮಾಡ್ತಿದೀನಿ. ಇನ್ನು ಮುಂದಿನ ಸೋಮವಾರ ಏನು ಮಾಡ್ಲಿ ಅಂತ ಗೊತ್ತಾಗ್ತಿಲ್ಲ.”

ಪುಟ್ಟಿ ಅಮ್ಮನ ಕೈ ಹಿಡಿದುಕೊಂಡು ನೆಲದ ಮೇಲೇ ಕೂತಳು. ಉಪ್ಪುಕಾಗದಕ್ಕೆ ಸವೆದ ಬೆರಳತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

“ನನ್ನ ಚೆಂಡೂ ಎಣ್ಣೆ ಕುಡಿದಿದೆ ಅಮ್ಮ.”

“ನೋಡಿದೀನಿ. ಗಬ್ಬೆದ್ದು ಹೋಗಿದೆ,” ಎಂದರು ಅತ್ತಿಗೆ. “ಯಾರು ನೋಡ್ಕೊಳ್ಳೋದು ಅದನ್ನ?”

“ಮೇಷ್ಟ್ರು.”

“ಹ್ಞೂ,” ಎಂದರು ಅತ್ತಿಗೆ, ಒಪ್ಪದ ಧ್ವನಿಯಲ್ಲಿ.

ಭೂತಗನ್ನಡಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಪುರಾವೆಯನ್ನು ಮುಟ್ಟಿ ನೋಡುವುದು ಅವಳ ರೂಢಿ. ಎರಡು ಬೆರಳು ಅದ್ದಿದಳು. ನೀರು ತಣ್ಣಗಿತ್ತು. ಬೆರಳಿಗೆ ಅಂಟಿದ ಎಣ್ಣೆ ಜಾರುತ್ತಿತ್ತು — ಅಣ್ಣ ಒರೆಸದೆ ಬಿಟ್ಟುಹೋದದ್ದು. ಆ ಒಂದು ಪಿನ್ ಇನ್ನೂ ನಿಂತೇ ಇದೆ, ಅವನು ಇನ್ನು ಏಳುವುದಿಲ್ಲ ಎಂಬುದು ಅವಳಿಗೆ ಆಗ ಗೊತ್ತಾಯಿತು. ಅಣ್ಣ ಸತ್ತಿದ್ದಾನೆ ಎಂದು ಗೊತ್ತಾಯಿತು.

ಅತ್ತಿಗೆ ಸೆರಗಿನಿಂದ ಅವಳ ಬೆರಳು ಒರೆಸಲು ಬಂದರು. ಅವಳು ಕೈ ಹಿಂದಕ್ಕೆಳೆದುಕೊಂಡು, “ಬೇಡ ಅತ್ತಿಗೆ, ಸ್ವಲ್ಪ ಹೊತ್ತು ಇರ್ಲಿ” ಎಂದಳು.